ಬಿಸಿಲಿನ ಓಟದಲ್ಲಿ ಹೊಟ್ಟೆ ಒಪ್ಪುವುದು ಯಾವುದನ್ನು: ನೀರು, ಗ್ಲೂಕೋಸ್, ಮಿಶ್ರ ಸಕ್ಕರೆ, ಜೆಲ್‌ಗಳ ಹೋಲಿಕೆ

ತಂಪು ಹವೆಯಲ್ಲಿ ತಿಂಗಳುಗಟ್ಟಲೆ ಯಾವ ತಕರಾರೂ ಇಲ್ಲದೆ ಇಳಿಯುತ್ತಿದ್ದ ಪಾನೀಯವೇ ಬಿಸಿಲೇರಿದ ಒಂದು ದಿನ ಹೊಟ್ಟೆಯಲ್ಲಿ ನಿಂತುಬಿಡುತ್ತದೆ. ಅದೇ ಪುಡಿ, ಅದೇ ಅಳತೆ, ಅದೇ ಬಾಟಲಿ. ಓಟ ಶುರುವಾಗಿ ಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಹೆಜ್ಜೆ ಹೆಜ್ಜೆಗೂ ಹೊಟ್ಟೆಯೊಳಗೆ ನೀರು ಕುಲುಕಿದ ಸದ್ದು ಕೇಳತೊಡಗುತ್ತದೆ. ಸ್ವಲ್ಪ ಹೊತ್ತಿಗೆ ತೇಗು, ಉಬ್ಬರ, ಬಾಯಲ್ಲಿ ಹುಳಿನೀರು, ಆಮೇಲೆ ವಾಕರಿಕೆ. ಕೆಲವರಲ್ಲಿ ಅದು ಹೊಟ್ಟೆ ನುಲಿತ, ಭೇದಿಯವರೆಗೂ ಹೋಗುತ್ತದೆ. ಹೀಗಾದಾಗ ಹೆಚ್ಚಿನವರು ಪುಡಿಯ ಕಂಪನಿಯನ್ನು ಬದಲಿಸುತ್ತಾರೆ, ಇಲ್ಲವೇ ಸಕ್ಕರೆಯ ಸಹವಾಸವೇ ಬೇಡವೆಂದು ಬರೀ ನೀರಿಗೆ ಇಳಿಯುತ್ತಾರೆ. ಎರಡೂ ಅವಸರದ ತೀರ್ಮಾನಗಳೆಂದೇ ನನ್ನ ಎಣಿಕೆ. ಬಿಸಿಲಿನಲ್ಲಿ ಆಯ್ಕೆ ಮಾಡಬೇಕಾದದ್ದು ಮೊದಲು ನೀರಿನ ಪ್ರಮಾಣವನ್ನು, ಅನಂತರ ಸಕ್ಕರೆಯ ಸಾಂದ್ರತೆಯನ್ನು, ಆಮೇಲೆ ಸಕ್ಕರೆಯ ಬಗೆಯನ್ನು. ಅದು ಯಾವ ಪೊಟ್ಟಣದಲ್ಲಿ ಬರುತ್ತದೆ ಎಂಬುದು ಕೊನೆಯ ಮಾತು.

ಕರುಳಿಗೆ ರಕ್ತ ಸಿಗದ ಹೊತ್ತು

ದುಡಿಯುವ ಸ್ನಾಯುಗಳಿಗೆ ರಕ್ತ ಬೇಕು. ಬಿಸಿಲಿದ್ದರೆ ಶಾಖವನ್ನು ಹೊರಹಾಕಲು ಚರ್ಮಕ್ಕೂ ರಕ್ತ ಬೇಕು. ಬೆವರಿನಿಂದ ರಕ್ತದ ನೀರಿನಂಶವೇ ಇಳಿಯುತ್ತಿರುವಾಗ ಈ ಎರಡೂ ಬೇಡಿಕೆಗಳನ್ನು ಪೂರೈಸಲು ದೇಹ ಜೀರ್ಣಾಂಗಗಳ ಪಾಲನ್ನು ಕಡಿತ ಮಾಡುತ್ತದೆ. ತೀವ್ರ ವ್ಯಾಯಾಮದಲ್ಲಿ ಈ ಭಾಗಕ್ಕೆ ಹೋಗುವ ರಕ್ತ ವಿಶ್ರಾಂತಿಯ ಹೊತ್ತಿಗಿಂತ ಶೇ. 80ರವರೆಗೂ ಕಡಿಮೆಯಾಗಬಹುದು. ಆಗ ಸಣ್ಣ ಕರುಳಿನ ಒಳಪದರದ ಜೀವಕೋಶಗಳು ಆಮ್ಲಜನಕದ ಕೊರತೆಯಿಂದ ಬಳಲುತ್ತವೆ, ಅವುಗಳ ನಡುವಿನ ಬಿಗಿಯಾದ ಬೆಸುಗೆ ಸಡಿಲವಾಗುತ್ತದೆ, ಕರುಳಿನೊಳಗಿನ ಬ್ಯಾಕ್ಟೀರಿಯಾಗಳ ವಿಷಾಂಶ ರಕ್ತಕ್ಕೆ ಸೋರುವ ಸಾಧ್ಯತೆ ಹೆಚ್ಚುತ್ತದೆ. ದೇಹದ ಒಳತಾಪ 39 ಡಿಗ್ರಿ ಸೆಲ್ಸಿಯಸ್ ದಾಟಿದಂತೆಲ್ಲ ಈ ಹಾನಿ ಎದ್ದು ಕಾಣುತ್ತದೆ. ಜಠರವೂ ತನ್ನಲ್ಲಿರುವುದನ್ನು ಕರುಳಿಗೆ ಇಳಿಸುವ ವೇಗವನ್ನು ತಗ್ಗಿಸುತ್ತದೆ. ಮೊದಲೇ ಹೇಳಿದ ಕುಲುಕಾಟ ಅದರ ಗುರುತು.

ಇಲ್ಲೊಂದು ವಿಪರ್ಯಾಸವಿದೆ. 35 ಡಿಗ್ರಿ ಮತ್ತು 16 ಡಿಗ್ರಿಯ ಆಸುಪಾಸಿನಲ್ಲಿ ಸೈಕಲ್ ತುಳಿಸಿ ಹೋಲಿಸಿದ, 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕುಡಿದ ಸಕ್ಕರೆಯನ್ನು ದೇಹ ಉರಿಸಿಕೊಳ್ಳುವ ಪ್ರಮಾಣ ಬಿಸಿಯಲ್ಲಿ ಸುಮಾರು ಶೇ. 10ರಷ್ಟು ಇಳಿಯಿತು, ಅದೇ ಹೊತ್ತಿಗೆ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್‌ನ ಖರ್ಚು ಏರಿತು. ಅಂದರೆ ಒಳಗಿನ ದಾಸ್ತಾನು ಬೇಗ ಕರಗುವ ದಿನವೇ ಹೊರಗಿನ ಪೂರೈಕೆಗೂ ಕುತ್ತು.

ಹಾಗೆಂದು ಪೂರೈಕೆಯನ್ನೇ ನಿಲ್ಲಿಸುವುದು ಮದ್ದಲ್ಲ. 35 ಡಿಗ್ರಿ ಶಾಖದಲ್ಲಿ ಎರಡು ಗಂಟೆ ಓಡಿದವರಿಗೆ, ಓಟದ ಮೊದಲು ಒಮ್ಮೆ ಮತ್ತು ಆಮೇಲೆ 20 ನಿಮಿಷಕ್ಕೊಮ್ಮೆ, 15 ಗ್ರಾಂ ಗ್ಲೂಕೋಸ್ ಕೊಟ್ಟಾಗ ಬರೀ ನೀರು ಕುಡಿದ ದಿನಕ್ಕಿಂತ ಕರುಳಿನ ಜೀವಕೋಶಗಳ ಹಾನಿ ಕಡಿಮೆ ಕಂಡುಬಂದಿದೆ. ಕರುಳಿನಲ್ಲಿ ಹೀರಬೇಕಾದ ಆಹಾರ ಸ್ವಲ್ಪವಾದರೂ ಇದ್ದರೆ ರಕ್ತ ಅತ್ತ ಹರಿಯಲು ಒಂದು ನೆಪ ಸಿಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಪ್ರೋಟೀನ್ ಕೊಟ್ಟಾಗಲೂ ಹಾನಿ ತಗ್ಗಿತಾದರೂ ಹೊಟ್ಟೆಯ ಕಿರಿಕಿರಿ ಹೆಚ್ಚಾಯಿತು. ಆದ್ದರಿಂದ ಓಟದ ನಡುವೆ ಪ್ರೋಟೀನ್ ಪಾನೀಯದ ವಿಚಾರವನ್ನು ಇಲ್ಲಿಗೇ ಬಿಡಬಹುದು.

ಬರೀ ನೀರೋ, ಸಕ್ಕರೆ ನೀರೋ

ಇದನ್ನು ಗಡಿಯಾರ ತೀರ್ಮಾನಿಸಲಿ. ಒಂದು ಗಂಟೆಯೊಳಗೆ ಮುಗಿಯುವ ವ್ಯಾಯಾಮಕ್ಕೆ ಸಕ್ಕರೆ ನುಂಗುವ ಅಗತ್ಯವೇ ಇಲ್ಲ. ಜೋರಿನ ಓಟವಾದರೆ ಸಕ್ಕರೆ ಪಾನೀಯವನ್ನು ಐದರಿಂದ ಹತ್ತು ಸೆಕೆಂಡು ಬಾಯಲ್ಲಿ ಮುಕ್ಕಳಿಸಿ ಉಗುಳಿದರೂ ಸ್ವಲ್ಪ ಚೇತರಿಕೆ ಕಾಣುತ್ತದೆ, ಏಕೆಂದರೆ ಬಾಯೊಳಗಿನ ಗ್ರಾಹಕಗಳು ನೇರವಾಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಹೊಟ್ಟೆ ಕೆಟ್ಟವನಿಗೆ ಇದು ಓಟದ ಕೊನೆಯ ಭಾಗದಲ್ಲೂ ಒದಗುವ ಉಪಾಯ. ಒಂದರಿಂದ ಎರಡೂವರೆ ಗಂಟೆಯ ವ್ಯಾಯಾಮಕ್ಕೆ ಗಂಟೆಗೆ 30ರಿಂದ 60 ಗ್ರಾಂ, ಅದಕ್ಕೂ ದೀರ್ಘವಾದದ್ದಕ್ಕೆ 90 ಗ್ರಾಂವರೆಗೆ ಎಂಬುದು ಕ್ರೀಡಾ ಪೋಷಣೆಯಲ್ಲಿ ಚಾಲ್ತಿಯಲ್ಲಿರುವ ಸಲಹೆ. ಬಿಸಿಲಿನ ದಿನ ಈ ಶ್ರೇಣಿಗಳ ಕೆಳ ಅಂಚಿನಿಂದ ಆರಂಭಿಸುವುದು ಜಾಣತನ. ಮೇಲೇರುವ ಅವಕಾಶ ಓಟದುದ್ದಕ್ಕೂ ಇರುತ್ತದೆ, ನುಂಗಿದ್ದನ್ನು ವಾಪಸು ಪಡೆಯುವ ಅವಕಾಶ ಇರುವುದಿಲ್ಲ.

ದೀರ್ಘ ಓಟದಲ್ಲಿ ಬರೀ ನೀರನ್ನೇ ನೆಚ್ಚಿಕೊಳ್ಳುವುದರಲ್ಲಿ ಇನ್ನೊಂದು ಅಪಾಯವಿದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಯ ಸೋಡಿಯಂ ಮಟ್ಟ ಇರಬೇಕಾದ್ದಕ್ಕಿಂತ ಕೆಳಗಿತ್ತು, ಮತ್ತು ಓಟದ ಅವಧಿಯಲ್ಲಿ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಇದು ಮುಖ್ಯವಾಗಿ ಕಂಡಿತು. ಅತಿಯಾಗಿ ಕುಡಿದರೆ ಉಪ್ಪಿನ ಪಾನೀಯವೂ ಇದರಿಂದ ಕಾಪಾಡದು. ಇನ್ನೊಂದು ತುದಿಯೂ ಕೆಟ್ಟದ್ದೇ: ದೇಹತೂಕದ ಶೇ. 3ರಷ್ಟು ನೀರನ್ನು ಕಳೆದುಕೊಂಡ ಮೇಲೆ ಜಠರ ಖಾಲಿಯಾಗುವುದು ನಿಧಾನವಾಗುತ್ತದೆ, ವಾಕರಿಕೆ ಹೆಚ್ಚುತ್ತದೆ. ಬಾಯಾರಿಕೆಯನ್ನು ಗಂಟೆಗಟ್ಟಲೆ ತಡೆದು, ಆಮೇಲೆ ಒಂದೇ ಉಸಿರಿಗೆ ಬಾಟಲಿ ಬರಿದು ಮಾಡುವವರ ಹೊಟ್ಟೆ ಮುನಿಯುವುದು ಇದೇ ಕಾರಣಕ್ಕೆ.

ಒಂದೇ ಬಾಗಿಲೋ, ಎರಡು ಬಾಗಿಲೋ

ಸಕ್ಕರೆಗಳ ಹೋಲಿಕೆಯೇ ಈ ವಿಷಯದ ತಿರುಳು. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಹೋಗುವ ಬಾಗಿಲು ಎಸ್‌ಜಿಎಲ್‌ಟಿ-1 ಎಂಬ ಪ್ರೋಟೀನ್. ಅದು ಸೋಡಿಯಂನ ಜೊತೆ ಕೈಹಿಡಿಸಿಯೇ ಗ್ಲೂಕೋಸನ್ನು ಒಳಗೆ ಬಿಡುತ್ತದೆ; ರಾಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ 1960ರಲ್ಲಿ ಪ್ರಾಗ್‌ನ ಸಭೆಯೊಂದರಲ್ಲಿ ಈ ಜೋಡಿ ಸಾಗಣೆಯನ್ನು ಮೊದಲು ವಿವರಿಸಿದರು, ಭೇದಿಯ ರೋಗಿಗಳಿಗೆ ಕೊಡುವ ಉಪ್ಪು-ಸಕ್ಕರೆ ದ್ರಾವಣದ ಹಿಂದಿರುವುದೂ ಇದೇ ತತ್ವ. ಈ ಬಾಗಿಲಿನ ಮೂಲಕ ಬಂದು ದೇಹಕ್ಕೆ ಒದಗುವ ಗ್ಲೂಕೋಸ್ ಗಂಟೆಗೆ ಸುಮಾರು 60 ಗ್ರಾಂ. ಅದಕ್ಕಿಂತ ಹೆಚ್ಚು ಕುಡಿದರೆ ಹೆಚ್ಚುವರಿ ಗ್ಲೂಕೋಸ್ ಕರುಳಿನಲ್ಲೇ ಸರದಿ ನಿಲ್ಲುತ್ತದೆ, ನೀರನ್ನು ತನ್ನತ್ತ ಸೆಳೆಯುತ್ತದೆ, ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಗಾಳಿಯಾಗುತ್ತದೆ. ಫ್ರಕ್ಟೋಸ್‌ಗೆ ಗ್ಲಟ್-5 ಎಂಬ ಬೇರೆಯೇ ಬಾಗಿಲಿದೆ. ಎರಡನ್ನೂ ಬೆರೆಸಿ ಕೊಟ್ಟಾಗ ಗಂಟೆಗೆ 90 ಗ್ರಾಂವರೆಗೆ ಸಕ್ಕರೆ ಒಳಹೋಗಿ ಉರಿಯಬಲ್ಲದು ಎಂಬುದು ಈ ಶತಮಾನದ ಮೊದಲ ದಶಕದ ಪ್ರಯೋಗಗಳಿಂದ ಖಚಿತವಾಯಿತು.

ಈ ಲಾಭ ಬಿಸಿಯಲ್ಲೂ ಉಳಿಯುತ್ತದೆಯೇ? ಉಳಿಯುತ್ತದೆ. ಸುಮಾರು 32 ಡಿಗ್ರಿಯಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಿಮಿಷಕ್ಕೆ 1.5 ಗ್ರಾಂ ಲೆಕ್ಕದಲ್ಲಿ ಬರೀ ಗ್ಲೂಕೋಸ್ ಕುಡಿದಾಗಿನದಕ್ಕಿಂತ ಗ್ಲೂಕೋಸ್-ಫ್ರಕ್ಟೋಸ್ ಮಿಶ್ರಣ ಕುಡಿದಾಗ ಉರಿದ ಸಕ್ಕರೆಯ ಪ್ರಮಾಣ ಸುಮಾರು ಶೇ. 36ರಷ್ಟು ಹೆಚ್ಚಿತ್ತು. ಆದ್ದರಿಂದ ಗಂಟೆಗೆ 60 ಗ್ರಾಂ ದಾಟುವ ಉದ್ದೇಶವಿದ್ದರೆ ಮಿಶ್ರ ಸಕ್ಕರೆಯ ಹೊರತು ಬೇರೆ ಆಯ್ಕೆಯಿಲ್ಲ. ದಾಟುವ ಉದ್ದೇಶವಿಲ್ಲದಿದ್ದರೂ ಬಿಸಿಲಿನ ದಿನ ಹೊರೆಯನ್ನು ಎರಡು ಬಾಗಿಲುಗಳಿಗೆ ಹಂಚುವುದು ಲೇಸೆಂದು ನಾನು ಭಾವಿಸುತ್ತೇನೆ. ಮೊದಲು ಎರಡು ಪಾಲು ಗ್ಲೂಕೋಸ್‌ಗೆ ಒಂದು ಪಾಲು ಫ್ರಕ್ಟೋಸ್ ಎಂಬ ಅನುಪಾತ ರೂಢಿಯಲ್ಲಿತ್ತು. ಈಗ ಒಂದಕ್ಕೆ 0.8ರಷ್ಟು ಫ್ರಕ್ಟೋಸ್ ಇರುವ ಮಿಶ್ರಣಗಳು ಹೆಚ್ಚು ಬಳಕೆಯಲ್ಲಿವೆ. ಸಾಮಾನ್ಯ ಸಕ್ಕರೆ, ಅಂದರೆ ಸುಕ್ರೋಸ್, ಕರುಳಿನಲ್ಲಿ ಒಡೆದಾಗ ಎರಡೂ ಸಮಪಾಲಾಗಿ ಸಿಗುತ್ತವೆ. ಅದನ್ನು ಕೀಳಾಗಿ ಕಾಣಬೇಕಾದ ಕಾರಣವೇ ಇಲ್ಲ.

ಉಳಿದವುಗಳಲ್ಲಿ ಬರೀ ಫ್ರಕ್ಟೋಸ್ ತೀರಾ ಕೆಟ್ಟ ಆಯ್ಕೆ, ಏಕೆಂದರೆ ಅದರ ಬಾಗಿಲು ಕಿರಿದು, ಮತ್ತು ಒಳಹೋದದ್ದು ಬಹುಪಾಲು ಯಕೃತ್ತಿನಲ್ಲಿ ರೂಪಾಂತರಗೊಂಡೇ ಸ್ನಾಯುಗಳಿಗೆ ದಕ್ಕಬೇಕು. ಗ್ಯಾಲಕ್ಟೋಸ್ ಗ್ಲೂಕೋಸ್‌ನ ಬಾಗಿಲನ್ನೇ ಬಳಸುವುದರಿಂದ ಅದನ್ನು ಸೇರಿಸಿ ಪ್ರಯೋಜನವಿಲ್ಲ. ನಿಧಾನವಾಗಿ ಒಡೆಯುವ ಐಸೊಮಾಲ್ಟುಲೋಸ್ ಕುರ್ಚಿಯಲ್ಲಿ ಕೂತವನಿಗೆ ಹಿತವಿರಬಹುದು; ಓಡುವವನ ಕರುಳಿನಲ್ಲಿ ಆ ನಿಧಾನವೇ ತೊಂದರೆ. ಫ್ರಕ್ಟೋಸನ್ನು ಸರಿಯಾಗಿ ಹೀರಿಕೊಳ್ಳಲಾಗದ ದೇಹಪ್ರಕೃತಿ ಕೆಲವರದು. ಮಿಶ್ರ ಪಾನೀಯ ಕುಡಿದ ಪ್ರತಿಸಲವೂ, ತಂಪು ಹವೆಯಲ್ಲೂ, ಉಬ್ಬರ ಮತ್ತು ಗಾಳಿ ಕಾಣಿಸಿಕೊಳ್ಳುವವರು ಫ್ರಕ್ಟೋಸ್ ಪಾಲು ಕಡಿಮೆ ಇರುವುದನ್ನು ಆರಿಸಿ ಗಂಟೆಗೆ 40–50 ಗ್ರಾಂಗೆ ತೃಪ್ತರಾಗುವುದು ವಾಸಿ.

ಬಾಟಲಿಯೊಳಗಿನ ಲೆಕ್ಕ

ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ ಹಾಕಿದರೆ ಶೇ. 6ರ ದ್ರಾವಣ. ಅದು ಗ್ಲೂಕೋಸ್ ಆದರೆ ಅದರ ಆಸ್ಮೋಲಾಲಿಟಿ, ಅಂದರೆ ನೀರನ್ನು ಎಳೆಯುವ ಕಣಗಳ ಸಾಂದ್ರತೆ, ಸುಮಾರು 333 ಮಿಲಿಆಸ್ಮೋಲ್. ರಕ್ತದ್ದು 280ರಿಂದ 295. ಪಾನೀಯದ್ದು ರಕ್ತಕ್ಕಿಂತ ಬಹಳ ಹೆಚ್ಚಾದರೆ ಕರುಳು ನೀರು ಹೀರುವ ಬದಲು ತನ್ನ ನೀರನ್ನೇ ಮೊದಲು ಒಳಕ್ಕೆ ಸುರಿಯುತ್ತದೆ. ಅದೇ 60 ಗ್ರಾಂ ಸುಕ್ರೋಸ್ ಆದರೆ ಅಂಕಿ ಸುಮಾರು 175ಕ್ಕೆ ಇಳಿಯುತ್ತದೆ. ಗ್ಲೂಕೋಸ್‌ನ ಉದ್ದ ಸರಪಳಿಯಾದ ಮಾಲ್ಟೊಡೆಕ್ಸ್ಟ್ರಿನ್ ಆದರೆ ಇನ್ನೂ ಕೆಳಕ್ಕೆ. ಸಿಹಿಯೂ ಕಡಿಮೆ ಇರುವುದರಿಂದ ಬಿಸಿಲಿನಲ್ಲಿ ಮಾಲ್ಟೊಡೆಕ್ಸ್ಟ್ರಿನ್ ಮತ್ತು ಫ್ರಕ್ಟೋಸ್ ಬೆರೆತ ಪುಡಿಗೆ ನನ್ನ ಮೊದಲ ಮತ. ಕರುಳಿಗೆ ಇಳಿದ ಮೇಲೆ ಸರಪಳಿಗಳು ಬೇಗ ತುಂಡಾಗುವುದರಿಂದ ಈ ಲಾಭ ಜಠರ ದಾಟುವವರೆಗಿನ ಲಾಭವೆಂಬುದನ್ನೂ ಹೇಳಬೇಕು.

ಹೆಚ್ಚಿನವರು ಎಡವುವುದು ಇಲ್ಲಿ. ತಂಪು ದಿನ ಶೇ. 8ರ ಪಾನೀಯವನ್ನು ಗಂಟೆಗೆ ಅರ್ಧ ಲೀಟರ್ ಕುಡಿದರೆ ಹೊಟ್ಟೆಗೆ ಹೋಗುವುದು 40 ಗ್ರಾಂ. ಬಿಸಿಲಿನ ದಿನ ಬಾಯಾರಿಕೆ ಹೆಚ್ಚಿ ಅದನ್ನೇ ಒಂದು ಲೀಟರ್ ಕುಡಿದರೆ 80 ಗ್ರಾಂ. ಓಟಗಾರ ಏನನ್ನೂ ಬದಲಿಸಿಲ್ಲವೆಂದು ನಂಬಿರುತ್ತಾನೆ, ಆದರೆ ಅವನ ಕರುಳು ಅರ್ಧಂಬರ್ಧ ರಕ್ತದಲ್ಲಿ ಇಮ್ಮಡಿ ಸಕ್ಕರೆಯನ್ನು ನಿಭಾಯಿಸಬೇಕಾಗಿರುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಒಂದೇ ಬಾಟಲಿ ಇಟ್ಟುಕೊಳ್ಳುವವರು ಪಾನೀಯವನ್ನು ಶೇ. 4ರಿಂದ 5ಕ್ಕೆ ತೆಳುವಾಗಿಸಬೇಕು. ಆಗ ಒಂದು ಲೀಟರಿಗೆ 40–50 ಗ್ರಾಂ ಸಿಗುತ್ತದೆ. ಎರಡು ಬಾಟಲಿ ಹೊರಬಲ್ಲವರು ಒಂದರಲ್ಲಿ ಸಕ್ಕರೆಯನ್ನೂ ಇನ್ನೊಂದರಲ್ಲಿ ನೀರನ್ನೂ ಇಟ್ಟುಕೊಂಡು, ಸಕ್ಕರೆಯನ್ನು ಗಡಿಯಾರ ನೋಡಿ, ನೀರನ್ನು ಬಾಯಾರಿಕೆ ನೋಡಿ ಕುಡಿಯಬೇಕು. ಎರಡನೆಯ ಕ್ರಮವೇ ಮೇಲು. ಉಳಿದ ನೀರನ್ನು ತಲೆಗೆ ಸುರಿದುಕೊಳ್ಳಲೂ ಬರುತ್ತದೆ, ಸಕ್ಕರೆ ನೀರನ್ನು ಹಾಗೆ ಬಳಸಿದವರಿಗೆ ಅಂಟಿನ ಸಂಕಟ ಗೊತ್ತು.

ಉಪ್ಪಿನ ವಿಚಾರ ಚುಟುಕಾಗಿ: ಲೀಟರಿಗೆ 460ರಿಂದ 690 ಮಿಲಿಗ್ರಾಂ ಸೋಡಿಯಂ ದೀರ್ಘ ವ್ಯಾಯಾಮಕ್ಕೆ ಸಾಧಾರಣವಾಗಿ ಸೂಚಿಸುವ ಪ್ರಮಾಣ. ಅದು ಕುಡಿದ ನೀರನ್ನು ದೇಹದಲ್ಲಿ ಉಳಿಸಲು ನೆರವಾಗುತ್ತದೆ. ಕರುಳು ತನ್ನದೇ ಸೋಡಿಯಂ ಒದಗಿಸಿಕೊಳ್ಳಬಲ್ಲದಾದ್ದರಿಂದ ಉಪ್ಪು ಹೆಚ್ಚಿಸಿದಷ್ಟೂ ಸಕ್ಕರೆ ಹೆಚ್ಚು ಹೀರಲ್ಪಡುತ್ತದೆ ಎಂಬ ಲೆಕ್ಕಾಚಾರ ಬೇಡ.

ಪಾನೀಯ, ಜೆಲ್, ಗಟ್ಟಿ ತಿನಿಸು

ಜೆಲ್, ಅಂದರೆ ಪುಟ್ಟ ಪೊಟ್ಟಣದಲ್ಲಿ ಬರುವ ಮಂದ ಸಕ್ಕರೆ ಪಾಕ, ಜೇಬಿನಲ್ಲಿ ಹಗುರ, ಹೊಟ್ಟೆಯಲ್ಲಿ ಭಾರ. 25 ಗ್ರಾಂ ಸಕ್ಕರೆಯ ಒಂದು ಜೆಲ್ ಶೇ. 6ರಿಂದ 8ರ ಸಾಂದ್ರತೆಗೆ ತೆಳುವಾಗಲು 310ರಿಂದ 415 ಮಿಲಿಲೀಟರ್ ನೀರು ಬೇಕು. ನೀರಿನ ಮೇಜಿನ ಬಳಿ ಅವಸರದಲ್ಲಿ ಎರಡು ಗುಟುಕು ಕುಡಿದು ಮುಂದೆ ಓಡಿದರೆ ಉಳಿದ ನೀರನ್ನು ಕರುಳೇ ದೇಹದಿಂದ ಎಳೆದುಕೊಳ್ಳಬೇಕು. ನಾನೇ ಒಮ್ಮೆ ಉರಿಬಿಸಿಲಿನ ದೀರ್ಘ ಓಟದಲ್ಲಿ ಜೆಲ್‌ನ ಹಿಂದೆ ನೀರಿನ ಬದಲು ಸಕ್ಕರೆ ಪಾನೀಯವನ್ನೇ ಕುಡಿದೆ. ಹತ್ತು ನಿಮಿಷದಲ್ಲಿ ಹೊಟ್ಟೆ ಕಲ್ಲಿನಂತಾಯಿತು, ಕಾಲು ಗಂಟೆಯಲ್ಲಿ ರಸ್ತೆಯ ಅಂಚಿನಲ್ಲಿ ಬಗ್ಗಿ ನಿಂತಿದ್ದೆ. ಹೊರಬಿದ್ದದ್ದು ಕುಡಿದಾಗ ಇದ್ದಷ್ಟೇ ಸಿಹಿಯಾಗಿತ್ತು, ಅಂದರೆ ಅದು ಜಠರವನ್ನು ದಾಟಿಯೇ ಇರಲಿಲ್ಲ. ಅಂದಿನಿಂದ ಬಿಸಿಲಿನಲ್ಲಿ ಜೆಲ್ ತೆಗೆದುಕೊಂಡರೂ ಅರ್ಧರ್ಧವಾಗಿ, ಹತ್ತು ಹನ್ನೆರಡು ನಿಮಿಷದ ಅಂತರದಲ್ಲಿ, ಬರೀ ನೀರಿನ ಜೊತೆ.

ಗಟ್ಟಿ ತಿನಿಸಿನಲ್ಲಿರುವ ನಾರು, ಕೊಬ್ಬು, ಪ್ರೋಟೀನ್‌ಗಳು ಜಠರವನ್ನು ಇನ್ನಷ್ಟು ನಿಧಾನಗೊಳಿಸುತ್ತವೆ. ನಿಧಾನಗತಿಯಲ್ಲಿ ಹಲವು ಗಂಟೆ ಸೈಕಲ್ ತುಳಿಯುವವರಿಗೆ ಅದು ಸಾಧ್ಯ, ಬಾಯಿಗೆ ಸಿಹಿಯ ಜಿಡ್ಡು ಹಿಡಿದ ಮೇಲೆ ಅದೇ ಹಿತ ಕೂಡ. ಓಟದಲ್ಲಿ ಹೊಟ್ಟೆಯ ಕುಲುಕಾಟವೂ ಸೇರುವುದರಿಂದ ಅದೇ ಆಹಾರ ಅದೇ ವ್ಯಕ್ತಿಗೆ ಒಗ್ಗದಿರಬಹುದು. ಸೈಕಲ್ ಮೇಲಿನ ಅನುಭವವನ್ನು ಓಟಕ್ಕೆ ಹಾಗೆಯೇ ಒಯ್ಯಬಾರದು. ಆಲ್ಜಿನೇಟ್ ಮತ್ತು ಪೆಕ್ಟಿನ್ ಸೇರಿಸಿ, ಜಠರದ ಆಮ್ಲದಲ್ಲಿ ಲೋಳೆಯಾಗುವಂತೆ ಮಾಡಿದ ಹೈಡ್ರೊಜೆಲ್ ಪಾನೀಯಗಳ ಬಗ್ಗೆ ದೊಡ್ಡ ಮಾತುಗಳು ಕೇಳಿಬರುತ್ತವೆ. ಅಷ್ಟೇ ಸಕ್ಕರೆಯ ಸಾಧಾರಣ ಮಿಶ್ರಣಕ್ಕಿಂತ ಅವು ಮೇಲೆಂಬುದು ಪ್ರಯೋಗದಿಂದ ಪ್ರಯೋಗಕ್ಕೆ ಒಂದೇ ರೀತಿ ಕಂಡುಬಂದಿಲ್ಲ. ಹೆಚ್ಚಿನ ಹಣ ತೆರುವ ಮೊದಲು ಸಾಂದ್ರತೆಯನ್ನು ಸರಿಪಡಿಸಿಕೊಂಡು ನೋಡುವುದು ಒಳ್ಳೆಯದು.

ಕುಡಿಯುವುದು ಬೆಚ್ಚಗಿರಬೇಕೋ ತಣ್ಣಗಿರಬೇಕೋ ಎಂದರೆ, ನಿಸ್ಸಂದೇಹವಾಗಿ ತಣ್ಣಗೆ. ತಣ್ಣನೆಯದು ಒಳತಾಪದ ಏರಿಕೆಯನ್ನು ತುಸು ತಡೆಯುತ್ತದೆ, ಬಾಯಿಗೂ ಒಗ್ಗುತ್ತದೆ. ಪುಡಿಪುಡಿಯಾದ ಮಂಜುಗಡ್ಡೆ ಬೆರೆತ ಪಾನೀಯ ಕರಗುವಾಗ ಇನ್ನಷ್ಟು ಶಾಖವನ್ನು ಹೀರುವುದರಿಂದ ಓಟ ಶುರುವಾಗುವ ಮುನ್ನ ಅದನ್ನು ಕುಡಿಯುವ ಪದ್ಧತಿಯಿದೆ. ಗುಟುಕು ದೊಡ್ಡದಾದರೆ ಹಣೆ ಸಿಡಿಯುತ್ತದೆ.

ಹೊಟ್ಟೆಯನ್ನು ಪಳಗಿಸುವುದೋ, ಪ್ರಮಾಣ ಇಳಿಸುವುದೋ

ಕರುಳನ್ನೂ ಅಭ್ಯಾಸ ಮಾಡಿಸಬಹುದು. ಗಂಟೆಗೆ 90 ಗ್ರಾಂ ಸಕ್ಕರೆಯನ್ನು ಓಡುತ್ತಾ ತೆಗೆದುಕೊಳ್ಳುವ ಅಭ್ಯಾಸವನ್ನು ಎರಡು ವಾರ ನಡೆಸಿದವರಲ್ಲಿ ಹೊಟ್ಟೆಯ ತೊಂದರೆಗಳೂ, ಹೀರಿಕೆಯಾಗದೆ ಉಳಿಯುವ ಸಕ್ಕರೆಯೂ ಕಡಿಮೆಯಾದದ್ದು ವರದಿಯಾಗಿದೆ. ದೇಹ ಬಿಸಿಗೆ ಒಗ್ಗಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಅಷ್ಟೇ, 10ರಿಂದ 14 ದಿನ. ಸ್ಪರ್ಧೆಗೆ ಮೂರು ವಾರ ಇದ್ದರೆ ಎರಡನ್ನೂ ಒಟ್ಟಿಗೆ, ಮೊದಲ ವಾರ ಗಂಟೆಗೆ 30 ಗ್ರಾಂನಿಂದ ಮೊದಲುಮಾಡಿ, ಸ್ಪರ್ಧೆಯ ವೇಗಕ್ಕೆ ಹತ್ತಿರದ ವೇಗದಲ್ಲಿ ನಡೆಸಬಹುದು. ಮೂರೇ ದಿನ ಉಳಿದಿದ್ದರೆ ಪಳಗಿಸುವ ಮಾತು ಬಿಟ್ಟು ಪ್ರಮಾಣ ಇಳಿಸುವುದೇ ದಾರಿ. ಆಗ ಹಿಂದಿನ ದಿನದ ಊಟದಲ್ಲಿ ನಾರನ್ನೂ, ಕರುಳಿನಲ್ಲಿ ಬೇಗ ಹುದುಗುವ ಈರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳುಗಳಂಥ ಪದಾರ್ಥಗಳನ್ನೂ ಕಡಿಮೆ ಮಾಡುವುದು ಎಷ್ಟೋ ಮಂದಿಗೆ ಸಹಾಯ ಮಾಡಿದೆ. ಇದು ಒಂದೆರಡು ದಿನದ ಏರ್ಪಾಡು ಮಾತ್ರ, ನಿತ್ಯದ ಪಥ್ಯವಲ್ಲ. ಸಕ್ಕರೆ ಕಾಯಿಲೆ ಅಥವಾ ಕರುಳಿನ ದೀರ್ಘಕಾಲದ ತೊಂದರೆ ಇರುವವರು ಇವೆಲ್ಲವನ್ನೂ ವೈದ್ಯರೊಡನೆ ಮಾತಾಡಿಯೇ ಬದಲಿಸಬೇಕು.

ಓಟದ ಮೊದಲು ನೋವಿಗೆಂದು ಐಬುಪ್ರೊಫೆನ್ ನುಂಗುವ ಚಟವನ್ನು ಬಿಡಲೇಬೇಕು. ವ್ಯಾಯಾಮದಿಂದಾಗುವ ಕರುಳಿನ ಹಾನಿಯನ್ನು ಅದು ಹೆಚ್ಚಿಸುತ್ತದೆ; ಬಿಸಿಲು, ನೀರಿನ ಕೊರತೆ ಸೇರಿದಾಗ ಮೂತ್ರಪಿಂಡಕ್ಕೂ ಕಷ್ಟ. ಬಾಟಲಿಯೊಳಗಿನ ಅನುಪಾತವನ್ನು ದಶಮಾಂಶದವರೆಗೆ ಲೆಕ್ಕ ಹಾಕಿ, ಆ ಬಳಿಕ ಈ ಮಾತ್ರೆ ನುಂಗುವವರನ್ನು ಕಂಡಾಗ ಏನು ಹೇಳಬೇಕೆಂದೇ ತೋಚುವುದಿಲ್ಲ.

ಇಷ್ಟಾಗಿಯೂ ಓಟದ ನಡುವೆ ಹೊಟ್ಟೆ ಕೈಕೊಟ್ಟರೆ ಮೊದಲು ವೇಗ ತಗ್ಗಿಸಬೇಕು, ಏಕೆಂದರೆ ಕರುಳಿಗೆ ರಕ್ತವನ್ನು ಹಿಂದಿರುಗಿಸುವ ಬೇರೆ ಉಪಾಯವಿಲ್ಲ. ನೆರಳಿಗೆ ಸರಿದು, ತಲೆ, ಕುತ್ತಿಗೆ, ಮುಂಗೈಗಳಿಗೆ ನೀರು ಸುರಿದುಕೊಳ್ಳಬೇಕು. ಹತ್ತು ಹದಿನೈದು ನಿಮಿಷ ಸಕ್ಕರೆ ಮುಟ್ಟದೆ, ತಣ್ಣೀರನ್ನು ಒಂದೊಂದೇ ಗುಟುಕು ಕುಡಿದು, ಕುಲುಕಾಟ ನಿಂತ ಮೇಲೆ ಅರ್ಧದಷ್ಟು ತೆಳುವಾಗಿಸಿದ ಪಾನೀಯವನ್ನು ಮತ್ತೆ ಶುರು ಮಾಡಬಹುದು. ಅದೂ ಒಗ್ಗದಿದ್ದರೆ ಮುಕ್ಕಳಿಸುವ ಉಪಾಯ ಉಳಿದಿದೆ. ಆದರೆ ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಾತು ತೊದಲಿದರೆ, ಎಲ್ಲಿದ್ದೇವೆ ಎಂಬುದರ ಪರಿವೆ ತಪ್ಪಿದರೆ ಅದು ಹೊಟ್ಟೆಯ ಪ್ರಶ್ನೆಯಾಗಿ ಉಳಿದಿಲ್ಲವೆಂದು ತಿಳಿದು, ಓಟ ಬಿಟ್ಟು, ಮೈಯನ್ನು ಕೂಡಲೇ ತಣ್ಣೀರಿನಿಂದ ತಂಪು ಮಾಡುತ್ತಾ ವೈದ್ಯಕೀಯ ನೆರವು ಕರೆಯಬೇಕು.